ಮೂರು ಪತ್ರಿಕೆ, ಮೂರು ತೀರ್ಪು: ಬಳ್ಳಾರಿಯಲ್ಲೊಂದು ಸ್ಪೋರ್ಟ್ಸ್ ಕಾರ್ ಆಯ್ಕೆ

ಎರ್ರಿಸ್ವಾಮಿ ಅಣ್ಣ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಯೂನಿಟ್ ಇಟ್ಟುಕೊಂಡವರು. ಹೆಸರು ಬದಲಿಸಿದ್ದೇನೆ, ಉಳಿದಿದ್ದೆಲ್ಲ ಇದ್ದ ಹಾಗೇ ಇದೆ. ವಯಸ್ಸು ನಲವತ್ತೈದರ ಆಸುಪಾಸು. ಮನೆಯಲ್ಲಿ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಬಾಗಿಲಲ್ಲಿ ಒಂದು ಇನ್ನೋವಾ. ಅವರಿಗೆ ಒಂದು ಸ್ಪೋರ್ಟ್ಸ್ ಕಾರ್ ಬೇಕಿತ್ತು. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತೆ, ಆದರೆ ಒಳ್ಳೇದೇ ಆಗಬೇಕು. ಕಣ್ಣಿಟ್ಟಿದ್ದು ಮೂರರ ಮೇಲೆ: ಪೋರ್ಷೆ 718 ಕೇಮನ್, ಬಿಎಂಡಬ್ಲ್ಯು ಎಂ2 ಕಾಂಪಿಟಿಷನ್, ಫೋರ್ಡ್ ಮಸ್ಟಾಂಗ್ ಜಿಟಿ.

ನನ್ನದು ವೀಲ್ ಅಲೈನ್‌ಮೆಂಟ್ ಅಂಗಡಿ. ಕಾರ್ ಪತ್ರಿಕೆ ಓದೋದು ಹಳೇ ಚಟ. ಹಾಗಾಗಿ ಅಣ್ಣ ಪತ್ರಿಕೆಗಳ ಕಟ್ಟು ಹಿಡ್ಕೊಂಡು ನನ್ನ ಹತ್ತಿರ ಬಂದರು. "ಫಸ್ಟ್ ಬಂದಿದ್ದನ್ನ ತಗೊಳ್ಳೋಣ ಅಂದ್ರೆ, ಮೂರಕ್ಕೆ ಮೂರೂ ಒಂದೊಂದು ಕಡೆ ಫಸ್ಟ್ ಬಂದಾವಲ್ಲೋ ತಮ್ಮ! ಇವರು ಕಾರ್ ಓಡಿಸಿ ಬರೀತಾರಾ, ಕೂತಲ್ಲೇ ಬರೀತಾರಾ?"

ಓಡಿಸಿಯೇ ಬರೀತಾರೆ. ಆದರೆ ಯಾವ ರಸ್ತೆಯಲ್ಲಿ, ಯಾವ ಟೈರ್ ಮೇಲೆ, ಯಾವುದಕ್ಕೆ ಎಷ್ಟು ಅಂಕ ಅಂತ ಇಟ್ಟುಕೊಂಡು ಓಡಿಸ್ತಾರೆ ಅನ್ನೋದು ಪತ್ರಿಕೆಯಿಂದ ಪತ್ರಿಕೆಗೆ ಬೇರೆ. ಅಣ್ಣ ತಂದಿದ್ದರಲ್ಲಿ ಒಂದು ಬೆಟ್ಟದ ತಿರುವು ರಸ್ತೆಯಲ್ಲಿ ಓಡಿಸಿ ಕೇಮನ್‌ಗೆ ಮಣೆ ಹಾಕಿತ್ತು. ಇನ್ನೊಂದು ದಿನಬಳಕೆಯನ್ನೂ ಸೇರಿಸಿ ಎಂ2 ಅಂದಿತ್ತು. ಮತ್ತೊಂದು ಕೊಟ್ಟ ದುಡ್ಡಿಗೆ ಸಿಗೋ ಖುಷಿ ಲೆಕ್ಕ ಹಾಕಿ ಮಸ್ಟಾಂಗ್ ಅಂದಿತ್ತು. ಮೂರೂ ಸುಳ್ಳಲ್ಲ. ಕೇಳಿಕೊಂಡ ಪ್ರಶ್ನೆಯೇ ಮೂರು ಬೇರೆ.

ಸೊನ್ನೆಯಿಂದ ನೂರು, ಯಾರ ಗಡಿಯಾರದಲ್ಲಿ?

ಅಣ್ಣ ಒಂದು ನೋಟ್‌ಬುಕ್‌ನಲ್ಲಿ ಮೂರೂ ಕಾರುಗಳ ಪಿಕಪ್ ಲೆಕ್ಕ ಬರೆದಿಟ್ಟಿದ್ದರು. ಮಸ್ಟಾಂಗ್‌ನದು ಅಮೆರಿಕದ ಪತ್ರಿಕೆಯಿಂದ, ಕೇಮನ್‌ನದು ಕಂಪನಿಯ ಹಾಳೆಯಿಂದ, ಎಂ2ದು ಇಲ್ಲಿನ ಪತ್ರಿಕೆಯಿಂದ. ಮೊದಲು ಕೈ ಹಚ್ಚಿದ್ದೇ ಅದಕ್ಕೆ.

ಅಮೆರಿಕದವರು ಅಳೆಯೋದು ಸೊನ್ನೆಯಿಂದ 60 ಮೈಲಿ ವೇಗದವರೆಗೆ. ಅಂದ್ರೆ ಗಂಟೆಗೆ 96.5 ಕಿ.ಮೀ., ನೂರಲ್ಲ. ಅದು ಚಿಲ್ಲರೆ ವ್ಯತ್ಯಾಸ. ದೊಡ್ಡ ವ್ಯತ್ಯಾಸ ಇನ್ನೊಂದು ಕಡೆ ಇದೆ. ಅಲ್ಲಿನ ಡ್ರ್ಯಾಗ್ ರೇಸ್, ಅಂದ್ರೆ ನೆಟ್ಟಗಿನ ದಾರಿಯ ಓಟದ ಟ್ರ್ಯಾಕ್‌ನಲ್ಲಿ, ಕಾರು ನಿಂತ ಜಾಗದಿಂದ ಸುಮಾರು ಒಂದು ಅಡಿ ಮುಂದೆ ಸರಿದ ಮೇಲೆ ಗಡಿಯಾರ ಶುರುವಾಗುತ್ತೆ. ಅದೇ ರೂಢಿಯನ್ನ ಪತ್ರಿಕೆಗಳೂ ಇಟ್ಟುಕೊಂಡಿವೆ. ಆ ಒಂದಡಿ ದಾಟುವಾಗ ಕಾರು ಆಗಲೇ ಉರುಳ್ತಾ ಇರುತ್ತೆ, ಸುಮಾರು 0.3 ಸೆಕೆಂಡ್ ಲೆಕ್ಕಕ್ಕೇ ಬರಲ್ಲ. ಸ್ಪೋರ್ಟ್ಸ್ ಕಾರ್ ಲೋಕದಲ್ಲಿ 0.3 ಸೆಕೆಂಡ್ ಅಂದ್ರೆ ಒಂದು ಮಾಡೆಲ್‌ಗೂ ಅದರ ಮೇಲಿನ ಮಾಡೆಲ್‌ಗೂ ಇರೋ ಅಂತರ.

ಸಾಲದ್ದಕ್ಕೆ ಅಮೆರಿಕದಲ್ಲಿ ಆಗ ಮಾರುತ್ತಿದ್ದ ಮಸ್ಟಾಂಗ್ ಜಿಟಿ 435 ಅಶ್ವಶಕ್ತಿಯದು. 2016ರಲ್ಲಿ ನಮ್ಮಲ್ಲಿಗೆ ಬಂದಿದ್ದು 400ರ ಆಸುಪಾಸಿನದು. ಹೆಸರು ಅದೇ, ಕೆಂಪು ಬಣ್ಣ ಅದೇ, ಗಾಡಿ ಮಾತ್ರ ಬೇರೆ. ಅಣ್ಣನ ನೋಟ್‌ಬುಕ್‌ನ ಆ ಪುಟಕ್ಕೆ ಅಡ್ಡಗೆರೆ ಎಳೆದೆವು.

ಹವಾಮಾನದ್ದೂ ಒಂದು ಕಥೆ. ಕೆಲವು ಪತ್ರಿಕೆಗಳು ಅಳೆದ ಸಮಯವನ್ನ ಆ ದಿನದ ಬಿಸಿಲು, ಗಾಳಿಯ ಒತ್ತಡ ನೋಡಿ ತಿದ್ದುತ್ತವೆ. ಯಾಕಂದ್ರೆ ಬಿಸಿ ಗಾಳಿ ತೆಳ್ಳಗಿರುತ್ತೆ. 15 ಡಿಗ್ರಿಯಲ್ಲಿ ಇರೋ ಗಾಳಿಗಿಂತ 40 ಡಿಗ್ರಿಯ ಗಾಳಿ ಸುಮಾರು ನೂರಕ್ಕೆ 8 ಪಾಲು ತೆಳು. ಏಪ್ರಿಲ್ ಮಧ್ಯಾಹ್ನ ಬಳ್ಳಾರಿಯಲ್ಲಿ 40 ಡಿಗ್ರಿ ಅಂದ್ರೆ ಯಾರೂ ತಿರುಗಿ ನೋಡಲ್ಲ. ಟರ್ಬೊ ಇಲ್ಲದ ಮಸ್ಟಾಂಗ್‌ನ 5 ಲೀಟರ್ ವಿ8 ಎಂಜಿನ್‌ಗೆ ಆ ನಷ್ಟ ನೇರವಾಗಿ ತಟ್ಟುತ್ತೆ. ಕೇಮನ್‌ನ 2 ಲೀಟರ್, ಎಂ2ನ 3 ಲೀಟರ್ ಎರಡೂ ಟರ್ಬೊ. ಗಾಳಿಯನ್ನ ಒತ್ತಿ ತುಂಬಿ ಸ್ವಲ್ಪ ಸರಿದೂಗಿಸಿಕೊಳ್ತವೆ. ಆದರೆ ಒತ್ತಿದ ಗಾಳಿಯನ್ನ ತಣ್ಣಗೆ ಮಾಡೋ ಇಂಟರ್‌ಕೂಲರ್ ನಮ್ಮ ಬಿಸಿಲಲ್ಲಿ ಏದುಸಿರು ಬಿಡುತ್ತೆ. ಒಂದೆರಡು ಸಲ ಜೋರಾಗಿ ಎಳೆದ ಮೇಲೆ ಆ ಮೊದಲ ಎಳೆತ ಇರಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಅಣ್ಣ ಕೇಳಿದ್ದು ಸರಿಯಾದ ಪ್ರಶ್ನೆ. "ಸೊನ್ನೆಯಿಂದ ನಾನು ಎಲ್ಲೋ ಓಡಿಸ್ತೀನಿ? ಸಿಗ್ನಲ್‌ನಾಗ ರೇಸ್ ಮಾಡೋ ವಯಸ್ಸಾ ಇದು?"

ಹೌದಲ್ವಾ? ನಮ್ಮ ದೇಶದ ಪತ್ರಿಕೆಗಳು ಇನ್ನೊಂದು ಲೆಕ್ಕ ಕೊಡ್ತವೆ: 20ರಿಂದ 80, 40ರಿಂದ 100. ಓಡ್ತಿರೋ ಕಾರಲ್ಲಿ ಆಕ್ಸಿಲರೇಟರ್ ತುಳಿದರೆ ಎಷ್ಟು ಹೊತ್ತಿಗೆ ವೇಗ ಏರುತ್ತೆ ಅನ್ನೋದು. ಎರಡೇ ಲೇನಿನ ರಸ್ತೆಯಲ್ಲಿ ಅದಿರು ಲಾರಿ ಹಿಂದೆ ಸಿಕ್ಕಿಹಾಕಿಕೊಂಡವನಿಗೆ ಬೇಕಾಗಿರೋ ಲೆಕ್ಕ ಅದು. ಎದುರು ಗಾಡಿ ಬರೋದ್ರೊಳಗೆ ಲಾರಿ ದಾಟಿ ಎಡಕ್ಕೆ ಬರಬೇಕು, ಅಷ್ಟೇ. ಪತ್ರಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ಮೂಲೆಗೆ ಹಾಕಿರುತ್ತಾರೆ. ನನ್ನ ಕೇಳಿದರೆ ಮುಖಪುಟಕ್ಕೆ ಹಾಕಬೇಕಾದ್ದು ಅದೇ.

ಯಾರ ಗಾಡಿ, ಯಾರ ಟೈರ್

ಪರೀಕ್ಷೆಗೆ ಬರೋ ಕಾರು ಸಾಮಾನ್ಯವಾಗಿ ಕಂಪನಿ ಕಳಿಸಿದ್ದು. ತೊಳೆದು, ಒರೆಸಿ, ಎಲ್ಲ ಸರಿಮಾಡಿ ಕಳಿಸ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಇತಿಹಾಸದಲ್ಲಿ ಒರೆಸೋದಕ್ಕಿಂತ ಜಾಸ್ತಿ ನಡೆದಿದೆ.

1964ರ ಮಾರ್ಚ್‌ನಲ್ಲಿ ಅಮೆರಿಕದ ಕಾರ್ ಅಂಡ್ ಡ್ರೈವರ್ ಪತ್ರಿಕೆ ಪಾಂಟಿಯಾಕ್ ಜಿಟಿಒ ಮತ್ತು ಫೆರಾರಿ ಜಿಟಿಒ ಎರಡನ್ನೂ ಎದುರುಬದುರು ನಿಲ್ಲಿಸಿ ಮುಖಪುಟ ಮಾಡಿತು. ಪಾಂಟಿಯಾಕ್ 60 ಮೈಲಿ ವೇಗವನ್ನ 4.6 ಸೆಕೆಂಡಿನಲ್ಲಿ ಮುಟ್ಟಿತು ಅಂತ ಬರೀತು. ಆ ಕಾಲಕ್ಕೆ ನಂಬಲಿಕ್ಕಾಗದ ಲೆಕ್ಕ. ಮಜಾ ಅಂದ್ರೆ, ಪರೀಕ್ಷೆಗೆ ಫೆರಾರಿ ಸಿಕ್ಕೇ ಇರಲಿಲ್ಲ. ಪಾಂಟಿಯಾಕ್‌ನಲ್ಲಿದ್ದ ಎಂಜಿನ್ ಕೂಡ ಅಂಗಡಿಯಲ್ಲಿ ಸಿಗೋ 389 ಘನ ಅಂಗುಲದ್ದಲ್ಲ, ದೊಡ್ಡ 421. ಅದನ್ನ ಎಷ್ಟೋ ದಶಕ ಕಳೆದ ಮೇಲೆ ಒಪ್ಪಿಕೊಂಡವರು ಪಾಂಟಿಯಾಕ್ ಪ್ರಚಾರ ನೋಡಿಕೊಳ್ಳುತ್ತಿದ್ದ ಜಿಮ್ ವಾಂಗರ್ಸ್. ಇಂಗ್ಲೆಂಡಿನಲ್ಲೂ 1961ರಲ್ಲಿ ಪತ್ರಿಕೆಗಳ ಕೈಯಲ್ಲಿ ಜಾಗ್ವಾರ್ ಇ-ಟೈಪ್ 150 ಮೈಲಿ ವೇಗ ಮುಟ್ಟಿತ್ತು. ದುಡ್ಡು ಕೊಟ್ಟು ಕೊಂಡವರ ಇ-ಟೈಪ್‌ಗಳು ಅಲ್ಲಿಯವರೆಗೆ ಹೋಗಲಿಲ್ಲ.

ಈಗ ಅಷ್ಟು ಸುಲಭಕ್ಕೆ ನಡೆಯಲ್ಲ. ಪತ್ರಿಕೆಯವರ ಹತ್ತಿರ ಜಿಪಿಎಸ್ ಮೇಲೆ ವೇಗ ಅಳೆಯೋ ವಿಬಾಕ್ಸ್ ಯಂತ್ರ ಇದೆ, ತೂಕದ ತಕ್ಕಡಿ ಇದೆ, ಓದುಗರ ಕೈಯಲ್ಲೂ ಮೊಬೈಲ್ ಇದೆ. ಈಗಿನ ಆಟ ಟೈರಿನದು. ಒಂದೇ ಕಾರಿಗೆ ಮಾಮೂಲಿ ಟೈರ್ ಹಾಕೋದು ಬೇರೆ, ಅರ್ಧ ರೇಸಿನ ಟೈರ್ ಅನ್ನಿಸೋ ಮಿಶೆಲಿನ್ ಕಪ್ 2 ಹಾಕೋದು ಬೇರೆ. ಟ್ರ್ಯಾಕ್ ಸಮಯ ಸೆಕೆಂಡುಗಟ್ಟಲೆ ಇಳಿಯುತ್ತೆ. ಬ್ರೇಕಿನ ದೂರವೂ ಇಳಿಯುತ್ತೆ. ಹಾಗಾಗಿ ಹೋಲಿಕೆ ಓದುವಾಗ ನಾನು ಮೊದಲು ಹುಡುಕೋದು ಟೈರಿನ ಹೆಸರು. ಅದನ್ನ ಬರೆಯದ ಪತ್ರಿಕೆಯ ಬ್ರೇಕಿಂಗ್ ಲೆಕ್ಕವನ್ನ ಓದಿ ಅಲ್ಲೇ ಬಿಟ್ಟುಬಿಡ್ತೀನಿ.

ನಮ್ಮ ಪ್ರಕರಣದಲ್ಲಿ ಇದು ಇನ್ನೂ ಮುಖ್ಯ. ಅಣ್ಣ ನೋಡ್ತಿದ್ದದ್ದು ವರ್ಷಗಟ್ಟಲೆ ಹಳೇ ಗಾಡಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ಬಟನ್ (ಟೈರ್ ಮೇಲಿನ ಅಚ್ಚು) ಎಷ್ಟೇ ಉಳಿದಿರಲಿ, ಬಿಸಿಲಲ್ಲಿ ನಿಂತ ರಬ್ಬರ್ ಗಟ್ಟಿಯಾಗಿರುತ್ತೆ. ಅಂಥ ಟೈರ್ ಮೇಲೆ ಕೇಮನ್ ತಿರುವಿನಲ್ಲಿ ಹಿಡಿಯೋ ಹಿಡಿತದ ಬಗ್ಗೆ ಪತ್ರಿಕೆ ಬರೆದ ಪ್ಯಾರಾಗಳು ಸುಮ್ನೆ ಸಾಹಿತ್ಯ.

ಅಂಕ ಎಲ್ಲಿಂದ ಬರುತ್ತೆ

ಜರ್ಮನಿಯ ಆಟೊ ಮೋಟರ್ ಉಂಡ್ ಸ್ಪೋರ್ಟ್ ಪತ್ರಿಕೆಯ ಪಟ್ಟಿಯಲ್ಲಿ ಬಾಡಿ, ಸುರಕ್ಷತೆ, ಆರಾಮ, ಎಂಜಿನ್, ಓಡಿಸುವ ನಡತೆ, ಪರಿಸರ, ಖರ್ಚು ಅಂತ ಕಾಲಂಗಳಿವೆ. ಸ್ಪೋರ್ಟ್ಸ್ ಕಾರಿಗೂ ಡಿಕ್ಕಿ ಎಷ್ಟು ದೊಡ್ಡದು, ಹಿಂದೆ ಚೆನ್ನಾಗಿ ಕಾಣುತ್ತಾ ಅಂತ ಅಂಕ. ಕಾರ್ ಅಂಡ್ ಡ್ರೈವರ್‌ನವರು ಇದೆಲ್ಲದರ ಜೊತೆಗೆ 'ಇದು ನನಗೆ ಬೇಕೇ ಬೇಕು' ಅನ್ನಿಸೋದಕ್ಕೇ 25 ಅಂಕ ಇಟ್ಟಿದ್ದಾರೆ. ಓಡಿಸೋ ಮಜಾಕ್ಕೆ ಇನ್ನೊಂದು 25. ಇಂಗ್ಲೆಂಡಿನ ಇವೋ ಪತ್ರಿಕೆ ವರ್ಷದ ಕಾರ್ ಆರಿಸುವಾಗ ಕಾಲಂ ಗೊಡವೆಗೇ ಹೋಗಲ್ಲ. ತೀರ್ಪುಗಾರರೆಲ್ಲ ಎಲ್ಲ ಕಾರೂ ಓಡಿಸಿ ತಲಾ ಅಂಕ ಕೊಡ್ತಾರೆ, ಸರಾಸರಿ ತೆಗೀತಾರೆ. ಯೂರೋಪಿನ ವರ್ಷದ ಕಾರ್ ಪ್ರಶಸ್ತಿಯಲ್ಲಿ ಒಬ್ಬೊಬ್ಬ ತೀರ್ಪುಗಾರನಿಗೆ 25 ಅಂಕ. ಅದನ್ನ ಕಡಿಮೆ ಅಂದ್ರೂ ಐದು ಕಾರುಗಳಿಗೆ ಹಂಚಬೇಕು, ಒಂದಕ್ಕೆ ಹತ್ತಕ್ಕಿಂತ ಜಾಸ್ತಿ ಕೊಡೋ ಹಾಗಿಲ್ಲ. ಎಲ್ಲರ ಮನೆಗೂ ಹೊಂದೋ ಕಾರು ಗೆಲ್ಲೋ ವ್ಯವಸ್ಥೆ ಅದು. 1964ರಿಂದ ನಡೀತಿರೋ ಆ ಪ್ರಶಸ್ತಿ ಸ್ಪೋರ್ಟ್ಸ್ ಕಾರಿಗೆ ಅಂತ ಸಿಕ್ಕಿದ್ದು ಒಂದೇ ಸಲ, 1978ರಲ್ಲಿ ಪೋರ್ಷೆ 928ಕ್ಕೆ.

ಇವೆಲ್ಲದರ ತೀರ್ಪನ್ನ ಒಟ್ಟಿಗೆ ಇಟ್ಟು ನೋಡೋದು ಓಟದ ಎತ್ತಿಗೂ ಉಳೋ ಎತ್ತಿಗೂ ಒಂದೇ ಬಾಯಲ್ಲಿ ಬೆಲೆ ಕಟ್ಟಿದ ಹಾಗೆ.

ಅಣ್ಣನಿಗೆ ಹಾಳೆ ಮೇಲೆ ತೋರಿಸಿದೆ. ಸುಮ್ನೆ ತಿಳಿಯೋದಕ್ಕೆ ಅಂತ ಎರಡು ಕಾರು ಇಟ್ಟುಕೊಂಡೆವು. ಮೊದಲನೇದಕ್ಕೆ ಓಡಿಸೋ ಮಜಾದಲ್ಲಿ 10, ಜಾಗ ಸೌಕರ್ಯದಲ್ಲಿ 4, ಖರ್ಚಿನಲ್ಲಿ 5. ಎರಡನೇದಕ್ಕೆ 8, 8, 6. ಮಜಾಕ್ಕೆ ನೂರರಲ್ಲಿ 60 ತೂಕ, ಉಳಿದೆರಡಕ್ಕೆ 20, 20 ಕೊಟ್ಟರೆ ಮೊದಲನೇದು 780, ಎರಡನೇದು 760. ಮೊದಲನೇದು ಗೆದ್ದಿತು. ತೂಕವನ್ನ 40, 30, 30 ಮಾಡಿ ನೋಡಿ. ಮೊದಲನೇದು 670, ಎರಡನೇದು 740. ಕಾರು ಅವೇ, ಅಂಕ ಅವೇ. ಗೆದ್ದವರು ಬದಲು.

"ಅಂದ್ರೆ ತೂಕ ಇಡೋನೇ ದೊಡ್ಡೋನು" ಅಂದರು ಅಣ್ಣ. ಅಂಗಡಿ ನಡೆಸೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಾಲಂ ನಾವೇ ಹಾಕಿಕೊಂಡಿದ್ದು

ಪತ್ರಿಕೆಯ ಅಂಕ ಇಟ್ಟುಕೊಂಡು, ತೂಕ ಮಾತ್ರ ನಮ್ಮದು ಹಾಕೋಣ ಅಂದುಕೊಂಡೆವು. ಕೂತಾಗ ಗೊತ್ತಾಯ್ತು, ನಮಗೆ ಬೇಕಾದ ಕಾಲಂಗಳೇ ಅಲ್ಲಿಲ್ಲ. ಚೆನ್ನೈ ಹತ್ತಿರದ ಇರುಂಗಾಟುಕೋಟೆ ಟ್ರ್ಯಾಕ್‌ನಲ್ಲಾಗಲಿ, ಕೊಯಮತ್ತೂರಿನ ಕರಿ ಟ್ರ್ಯಾಕ್‌ನಲ್ಲಾಗಲಿ ಹಂಪ್ಸ್ ಇಲ್ಲ. ಅಣ್ಣ ಭಾನುವಾರ ಬೆಳಿಗ್ಗೆ ಹೋಗಬೇಕು ಅಂದುಕೊಂಡಿದ್ದ ಸಂಡೂರಿನ ದಾರಿಯಲ್ಲಿ ಅವಕ್ಕೆ ಬರವಿಲ್ಲ.

ಸ್ಪೋರ್ಟ್ಸ್ ಕಾರಿನ ಹೊಟ್ಟೆ ನೆಲದಿಂದ 12-13 ಸೆಂಟಿಮೀಟರ್ ಎತ್ತರದಲ್ಲಿರುತ್ತೆ. ಆದರೆ ಆ ಒಂದು ಲೆಕ್ಕ ಸಾಲದು. ಮುಂದಿನ, ಹಿಂದಿನ ಚಕ್ರಗಳ ನಡುವಿನ ಉದ್ದ, ಅಂದ್ರೆ ವೀಲ್‌ಬೇಸ್ ಎಷ್ಟು, ಹಂಪ್ ಎಷ್ಟು ಅಗಲ ಅನ್ನೋದೂ ಬೇಕು. ಕೇಮನ್‌ನ ವೀಲ್‌ಬೇಸ್ 2.475 ಮೀಟರ್, ಎಂ2ದು 2.69, ಮಸ್ಟಾಂಗ್‌ನದು 2.72. ನನ್ನ ಪರಿಚಯದ ಬಡಗಿ ಹತ್ತಿರ ರೀಪರ್ ಪಟ್ಟಿ ಕೊಯ್ಯಿಸಿದೆ. ಕೇಮನ್ ಅಳತೆಯದೊಂದು, ಮಸ್ಟಾಂಗ್ ಅಳತೆಯದೊಂದು. ಎರಡು ತುದಿಗೂ 12 ಸೆಂಟಿಮೀಟರಿನ ಕಾಲು ಹೊಡೆಸಿದೆ. ಪಟ್ಟಿಯನ್ನ ಹಂಪ್ ಮೇಲೆ ಉದ್ದಕ್ಕೆ ಇಟ್ಟು ನಿಧಾನ ಸರಿಸೋದು. ಪಟ್ಟಿಯ ಹೊಟ್ಟೆ ತಾಗಿತಾ, ಕಾರಿನ ಚೇಂಬರೂ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ತಾಗುತ್ತೆ. ಇನ್ನೋವಾದೊಳಗೆ ಅವನ್ನ ಉದ್ದುದ್ದ ಹಾಕ್ಕೊಂಡು ಹೊರಟೆವು.

ಒಂದು ಊರಲ್ಲಿ ನಾವು ಹಂಪ್ ಮುಂದೆ ಬಗ್ಗಿ ಚಾಕ್‌ಪೀಸಿನಿಂದ ಗೆರೆ ಹಾಕ್ತಿದ್ದರೆ ಜನ ಸೇರಿದರು. "ರಸ್ತೆ ಅಗಲ ಮಾಡ್ತಾರೇನ್ರಿ ಸರ?" ಅಂತ ಒಬ್ಬರು. "ಅದಿರ್ಲಿ, ನಮ್ಮ ಓಣಿಗೆ ನೀರು ಬಂದು ಎಷ್ಟು ದಿನಾತು, ಅದನ್ನ ಬರ್ಕೊಳ್ರಿ" ಅಂತ ಒಬ್ಬ ಅಜ್ಜಿ. ಅಣ್ಣ ನಿಜಕ್ಕೂ ನೋಟ್‌ಬುಕ್‌ನಲ್ಲಿ ಬರೆದುಕೊಂಡರು. ಪೋರ್ಷೆಗೆ ಅಂತ ಹೇಳೋ ಧೈರ್ಯ ಇಬ್ಬರಿಗೂ ಬರಲಿಲ್ಲ.

ಸಿಕ್ಕ ಫಲಿತಾಂಶ ನಾವು ಅಂದುಕೊಂಡ ಹಾಗಿರಲಿಲ್ಲ. ರಸ್ತೆಗಳ ಅಳತೆ ನಿಗದಿ ಮಾಡೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆ ಹೇಳೋ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಅಂಥದ್ದರ ಮೇಲೆ ಕಾರು ಹತ್ತಿದಾಗ ನಾಲ್ಕು ಚಕ್ರವೂ ಹಂಪ್ ಮೇಲೇ ಇರ್ತವೆ, ಕಾರೇ ಮೇಲೆ ಏಳುತ್ತೆ. ಕೇಮನ್ ಹೊಟ್ಟೆಯ ಕೆಳಗೆ ಹಂಪ್ ಉಬ್ಬೋದು ನಾಲ್ಕೂವರೆ ಸೆಂಟಿಮೀಟರ್ ಮಾತ್ರ, ಮಸ್ಟಾಂಗ್ ಕೆಳಗೆ ಐದೂವರೆ ಹತ್ತಿರ. ಎರಡೂ ಪಟ್ಟಿ ಆರಾಮಾಗಿ ದಾಟಿದವು. ತೊಂದರೆ ಇರೋದು ಊರವರೇ ಸಿಮೆಂಟ್ ಸುರಿದು ಕಟ್ಟಿಕೊಂಡ ಒಂದಡಿ ಅಗಲದ ದಿಣ್ಣೆಗಳಲ್ಲಿ. ಅವು ಪೂರ್ತಿ ಎರಡು ಚಕ್ರದ ನಡುವೆ ಬರ್ತವೆ. ಆಗ ವೀಲ್‌ಬೇಸ್ ಉದ್ದ ಇದ್ದರೇನು, ಗಿಡ್ಡ ಇದ್ದರೇನು. 15 ಸೆಂಟಿಮೀಟರ್ ದಿಣ್ಣೆಗೆ ಎರಡೂ ಪಟ್ಟಿ ತಾಗಿದವು.

ಅಂದ್ರೆ ಹಂಪ್ಸ್ ಕಾಲಂನಲ್ಲಿ ಮೂರೂ ಕಾರಿಗೆ ಹೆಚ್ಚುಕಡಿಮೆ ಒಂದೇ ಅಂಕ. ಯಾವ ಕಾರು ಅನ್ನೋದಕ್ಕೆ ಅದು ಉತ್ತರ ಕೊಡಲಿಲ್ಲ, ಯಾವ ರಸ್ತೆ ಬೇಡ ಅನ್ನೋದಕ್ಕೆ ಕೊಟ್ಟಿತು. ಹೆದ್ದಾರಿ ಹಿಡಿದು ತೋರಣಗಲ್ಲು ಮೇಲೆ ಹೋದರೆ ಪರವಾಗಿಲ್ಲ, ಹಳ್ಳಿ ಒಳಗಿನ ಅಡ್ಡದಾರಿ ಬೇಡ. ಮುಂದಿನ ಬಂಪರ್ ತುಟಿ ಬೇರೇ ವಿಷಯ, ಅದಕ್ಕೆ ಕಾರನ್ನ ಹಂಪ್ ಮೇಲೆ ಓರೆಯಾಗಿ ಹತ್ತಿಸೋದೊಂದೇ ದಾರಿ.

ಖರ್ಚಿನ ಕಾಲಂ ಬೇಗ ಮುಗೀತು. ದೊಡ್ಡ ಸರ್ವಿಸ್‌ಗೆ ಮೂರಕ್ಕೂ ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕು. ಫೋರ್ಡ್ 2021ರಲ್ಲಿ ಇಲ್ಲಿ ಕಾರ್ ತಯಾರಿಕೆ ನಿಲ್ಲಿಸುವುದಾಗಿ ಹೇಳಿದ್ದರಿಂದ ಮಸ್ಟಾಂಗ್‌ಗೆ ಅಂಕ ಇಳಿಸಿದೆವು. ಬೇರೆ ರಾಜ್ಯದ ಗಾಡಿ ತಂದರೆ ಕೆಎ-34 ಪಾಸಿಂಗ್ (ಬಳ್ಳಾರಿ ನೋಂದಣಿ) ಮಾಡಿಸಲಿಕ್ಕೆ ಮತ್ತೆ ತೆರಿಗೆ. 20 ಲಕ್ಷ ದಾಟಿದ ಕಾರಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ 18 ಪರ್ಸೆಂಟ್, ಮೇಲೆ ಸೆಸ್. ಹಳೇ ಗಾಡಿಗೆ ವಯಸ್ಸು ನೋಡಿ ಇಳಿಸ್ತಾರೆ, ಆದರೂ ಸಣ್ಣ ಮೊತ್ತ ಅಲ್ಲ. ದಿಲ್ಲಿ ಗಾಡಿ ಅಗ್ಗ ಅಂತ ಕುಣೀತಿದ್ದ ಅಣ್ಣ ತಣ್ಣಗಾದರು. ಟೈರ್ ಕಥೆ ನನ್ನ ಕಸುಬಿನದು. ಕೇಮನ್, ಎಂ2 ಎರಡರಲ್ಲೂ ಮುಂದಿನ ಟೈರ್ ಒಂದಳತೆ, ಹಿಂದಿನದು ಇನ್ನೊಂದಳತೆ. ಹಿಂದುಮುಂದು ಬದಲಿಸಿ ಆಯಸ್ಸು ಎಳೆಯೋ ಹಾಗಿಲ್ಲ.

ಹಿಂದಿನ ಸೀಟಿನ ಕಾಲಂನಲ್ಲಿ ಮಸ್ಟಾಂಗ್ ಪೂರ್ತಿ ಬಿದ್ದುಹೋಯಿತು. ಕಾರುಗಳ ಸುರಕ್ಷತೆ ಪರೀಕ್ಷಿಸೋ ಯೂರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್ 2017ರ ಜನವರಿಯಲ್ಲಿ ಅದಕ್ಕೆ ಕೊಟ್ಟಿದ್ದು ಎರಡೇ ಸ್ಟಾರ್, ಮಕ್ಕಳ ಸುರಕ್ಷತೆಗೆ 32 ಪರ್ಸೆಂಟ್. ಆಮೇಲೆ ಕಾರನ್ನ ತಿದ್ದಿದ ಮೇಲೆ ಮೂರು ಸ್ಟಾರ್ ಆಯಿತು, ಅಣ್ಣ ನೋಡ್ತಿದ್ದದ್ದು ತಿದ್ದೋಕೆ ಮುಂಚಿನದು. ಅಣ್ಣ ತಂದಿದ್ದ ಮಸ್ಟಾಂಗ್ ಹೊಗಳಿಕೆಯ ಆ ಲೇಖನದಲ್ಲಿ ಈ ಮಾತೇ ಇರಲಿಲ್ಲ. ಎಂಜಿನ್ ಸದ್ದಿಗೆ ಮಾತ್ರ ಅರ್ಧ ಪುಟ. ಕೇಮನ್‌ಗೆ ಹಿಂದೆ ಸೀಟೇ ಇಲ್ಲ, ಸೊನ್ನೆ. ಒಟ್ಟು ಕೂಡಿದಾಗ ಎಂ2 ಆರಾಮಾಗಿ ಮೊದಲು ಬಂತು.

ಅತ್ತಿಗೆ ಹಾಕಿದ ಗೆರೆ

ಪಟ್ಟಿಯನ್ನ ಊಟದ ಟೇಬಲ್ ಮೇಲೆ ಇಟ್ಟು ಅಣ್ಣ ವಿವರಿಸ್ತಿದ್ದರು. ಅತ್ತಿಗೆ ಪೂರ್ತಿ ಕೇಳಿಸಿಕೊಂಡು, "ಹಿಂದಿನ ಸೀಟು ಯಾಕ್ರಿ ಬೇಕು? ಹುಡುಗರನ್ನ ಕರ್ಕೊಂಡು ಹೋಗಾಕ ಇನ್ನೋವಾ ಐತಿ. ಆ ಬಿಲದೊಳಗ ನನ್ನ ಮಕ್ಕಳನ್ನ ತುರುಕಾಕ ನಾನಂತೂ ಬಿಡಂಗಿಲ್ಲ. ಇದು ನಿಮಗೊಬ್ಬರಿಗೆ ಆಟದ ಸಾಮಾನು ಅಂತ ಒಪ್ಕೊಳ್ರಿ, ಅದಕ್ಕ ನಂದೇನು ತಕರಾರಿಲ್ಲ" ಅಂದರು.

ಹಿಂದಿನ ಸೀಟಿನ ಕಾಲಂ, ಡಿಕ್ಕಿಯ ಕಾಲಂ ಎರಡಕ್ಕೂ ಗೆರೆ ಬಿತ್ತು. ಮತ್ತೆ ಕೂಡಿದರೆ ಕೇಮನ್ ಮೇಲೆ, ಎಂ2 ಕೆಳಗೆ, ಅದೂ ಕೂದಲೆಳೆಯಲ್ಲಿ. ಮನೆಯಲ್ಲಿ ಇನ್ಯಾವ ಕಾರಿದೆ ಅನ್ನೋದರ ಮೇಲೆ ತೀರ್ಪು ನಿಂತಿತ್ತು ನೋಡಿ. ಯಾವ ಪತ್ರಿಕೆಗೂ ಅದು ಗೊತ್ತಾಗೋಕೆ ಸಾಧ್ಯ ಇಲ್ಲ.

ಕೂದಲೆಳೆಯ ಅಂತರವನ್ನ ನಾನು ನಂಬಲ್ಲ. ಪತ್ರಿಕೆಯವರು ಅಂಕ ಕೊಡೋದೇ ಏಳರಿಂದ ಒಂಬತ್ತರ ನಡುವೆ. ಅಲ್ಲಿ ಅರ್ಧ ಅಂಕ ಅಂದ್ರೆ ಅವತ್ತಿನ ಮನಸ್ಸು. ಹಾಗಾಗಿ ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ ಎರಡೂ ಇದ್ದದ್ದು ನೋಡಿ ಅಲ್ಲಿಗೇ ಹೋದೆವು. ಒಂದೇ ಸುತ್ತಿನ ರಸ್ತೆ, ಒಂದಾದ ಮೇಲೊಂದು. ಮೊದಲು ಎಂ2, ಆಮೇಲೆ ಕೇಮನ್. ಊಟ ಆದ ಮೇಲೆ ಉಲ್ಟಾ. ಪತ್ರಿಕೆಗಳಲ್ಲಿ ಅನುಭವಸ್ಥರು ಹೀಗೇ ಮಾಡ್ತಾರೆ, ಯಾಕಂದ್ರೆ ಗಡಸು ಕಾರಿನಿಂದ ಇಳಿದು ಹತ್ತಿದ ಯಾವ ಕಾರಾದರೂ ಮೆತ್ತಗೆ ಅನ್ನಿಸುತ್ತೆ. ಬೆಳಿಗ್ಗೆ ಅಣ್ಣನಿಗೆ ಎಂ2 ಎಳೆತ ಹುಚ್ಚು ಹಿಡಿಸಿತ್ತು. 410 ಅಶ್ವಶಕ್ತಿ ಎಲ್ಲಿ, ಕೇಮನ್‌ನ 300 ಎಲ್ಲಿ. ಮಧ್ಯಾಹ್ನ ಮಾತು ಬದಲಾಯಿತು. ಕೇಮನ್ ಎಂಜಿನ್ ಸೀಟಿನ ಹಿಂದೆಯೇ, ಕಾರಿನ ನಡುವೆ ಇದೆ. ತೂಕ ಸುಮಾರು 1,365 ಕಿಲೊ. ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗುತ್ತೆ. ನಾಲ್ಕು ಸಿಲಿಂಡರಿನ ಸದ್ದು ಸಪ್ಪೆ ಅಂತ 2016ರಿಂದ ಪತ್ರಿಕೆಗಳೆಲ್ಲ ಬೈದಿವೆ. ಬೈದದ್ದು ನ್ಯಾಯವೇ. ಅಣ್ಣನಿಗೆ ಅದರ ಚಿಂತೆ ಇಲ್ಲ. "ದಿನಾ ನೂರು ಹೊಲಿಗೆ ಮಷೀನ್ ಸದ್ದು ಕೇಳ್ತೀನಿ. ಇದು ಸಂಗೀತ" ಅಂದರು.

ಕರ್ನಾಟಕ ಪಾಸಿಂಗ್ ಕೇಮನ್ ತಗೊಂಡರು. ನಾಲ್ಕು ಟೈರ್ ಹೊಸದು ಹಾಕಿಸಿದ ಮೇಲೇ ಬಳ್ಳಾರಿಗೆ ತಂದದ್ದು, ಆ ಷರತ್ತು ನನ್ನದು.

ಹೋಲಿಕೆ ಪರೀಕ್ಷೆ ಕೆಲವು ದಿನದ ಮಾತು. ಕಾರು ಜೊತೆಗಿದ್ದರೆ ಏನಾಗುತ್ತೆ ಅನ್ನೋದಕ್ಕೆ ಪತ್ರಿಕೆಗಳು ದೀರ್ಘಾವಧಿ ವರದಿ ಬರೀತವೆ. ಕಾರ್ ಅಂಡ್ ಡ್ರೈವರ್‌ನವರದು 40,000 ಮೈಲಿ, ಅಂದ್ರೆ 64,000 ಕಿ.ಮೀ. ಸೆಕೆಂಡ್ ಹ್ಯಾಂಡ್ ಕೊಳ್ಳೋರು ಮೊದಲು ಓದಬೇಕಾದ್ದು ಅದನ್ನ. ಅಣ್ಣನೂ ಈಗ ಅದೇ ನೋಟ್‌ಬುಕ್‌ನಲ್ಲಿ ಬರೀತಿದ್ದಾರೆ. ಏರ್ ಫಿಲ್ಟರ್ ಕೆಂಪು ಧೂಳಿಗೆ ಬೇಗ ಕಟ್ಟುತ್ತೆ. ತೊಂಬತ್ತೈದು ಆಕ್ಟೇನ್‌ನ ಪ್ರೀಮಿಯಂ ಪೆಟ್ರೋಲ್ ಸಿಗೋ ಬಂಕ್ ಯಾವುದು ಅಂತ ಪಟ್ಟಿ ಆಗಿದೆ. ಹೊಟ್ಟೆ ಒಂದು ಸಲ ತಾಗಿದೆ, ಚೇಂಬರ್‌ಗೆ ಏನೂ ಆಗಿಲ್ಲ, ಪ್ಲಾಸ್ಟಿಕ್ ತಟ್ಟೆ ಗೀಚಿದೆ. ಹೋದ ಸಲ ಅಲೈನ್‌ಮೆಂಟ್‌ಗೆ ಬಂದಾಗ ಹಿಂದಿನ ಟೈರ್‌ಗಳ ಒಳಅಂಚು ಜಾಸ್ತಿ ಸವೆದಿದ್ದು ಕಂಡಿತು. ಕ್ಯಾಂಬರ್, ಅಂದ್ರೆ ಚಕ್ರ ವಾಲಿರೋ ಕೋನ, ಕಂಪನಿ ಹೇಳಿದ ಮಿತಿಯಲ್ಲೇ ಇದೆ, ಈ ಕಾರುಗಳ ಗುಣವೇ ಅದು. ಬದಲಿಸುವಾಗ ಜೋಡಿ ಒಟ್ಟಿಗೇ ಬದಲಿಸಬೇಕು. ಆ ಬಿಲ್ಲು ಬಂದ ಮೇಲೆ ಖರ್ಚಿನ ಕಾಲಂ ಮತ್ತೆ ತಿದ್ದೋದಿದೆ.